ಮಾರಾಟದ ಮನೆಯಲ್ಲಿ ಅಕ್ಕ ಇರಲಿಲ್ಲ

ಆಗಿನ್ನೂ ಕುಶಾಲನಗರದಲ್ಲಿ ಮನೆಗೊಂದು ಬಾವಿಯಿತ್ತು. ಬೋರ್‌ವೆಲ್ ಕೊರೆಸುವವರು ಅನುಕೂಲಸ್ಥರು, ನಾವೆಲ್ಲ ಹಗ್ಗ ಹಿಡಿದು ಸೇದುವವರು. ರಾಟೆಯ ಸದ್ದು ಕೇಳಿಯೇ ಪಕ್ಕದ ಮನೆಯಲ್ಲಿ ಯಾರು ಎದ್ದರು ಎಂದು ಹೇಳಬಹುದಿತ್ತು. ಬೇಸಿಗೆ ರಜೆ ಎಂದರೆ ನಿಮ್ಮೆಲ್ಲರ ಹಾಗೆ ನನಗೂ ಹುಣಸೆಹಣ್ಣು, ಉಪ್ಪು, ಒಣಮೆಣಸು ಕುಟ್ಟಿ ಕಡ್ಡಿಗೆ ಮೆತ್ತಿ ಚೀಪಿದ್ದು, ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದ್ದು ನೆನಪಿದೆ. ಆದರೆ ನಾನು ನಾಲ್ಕನೇ ಕ್ಲಾಸು ಮುಗಿಸಿದ ವರ್ಷದ ಬೇಸಿಗೆಯಲ್ಲಿ ಇದ್ಯಾವುದೂ ಇರಲಿಲ್ಲ. ಆ ಎರಡು ತಿಂಗಳು ನಾವು ಮನೆಯನ್ನು ಮಾರಾಟಕ್ಕೆ ತಯಾರು ಮಾಡುತ್ತಿದ್ದೆವು.

ಅಪ್ಪ ಅರಕಲಗೂಡಿನ ಕಡೆಯವರು. ಮದುವೆಗೆ ಮುಂಚೆಯೇ ಕುಶಾಲನಗರಕ್ಕೆ ಬಂದು ಬಜಾರಿನಲ್ಲಿ ಸಿಮೆಂಟು, ಸುಣ್ಣ, ಮೊಳೆ, ಪೈಪುಗಳ ಅಂಗಡಿ ಇಟ್ಟಿದ್ದರು. ಊರು ಬೆಳೆಯುತ್ತಿತ್ತು. ಎಲ್ಲರ ಮನೆಗೂ ಅಪ್ಪನ ಅಂಗಡಿಯಿಂದಲೇ ಸಿಮೆಂಟು ಹೋಗುತ್ತಿತ್ತು. ನಮ್ಮ ಮನೆಯ ಹಿತ್ತಲಲ್ಲಿ ಮಾತ್ರ ಬಾವಿಯ ಕಟ್ಟೆ ಬಚ್ಚಲಿನ ಕಡೆಗೆ ಕುಸಿದುಬಿದ್ದಿತ್ತು. ಒಂದು ಮಳೆಗಾಲದಲ್ಲಿ ನಾಲ್ಕು ಕಲ್ಲು ಜಾರಿದವು, ಮರುವರ್ಷ ಇನ್ನಷ್ಟು. ಆ ಬದಿಯಲ್ಲಿ ಕಟ್ಟೆ ನನ್ನ ಮೊಣಕಾಲಿನಷ್ಟೂ ಉಳಿದಿರಲಿಲ್ಲ. ಅಮ್ಮ ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ಅಪ್ಪ ಒಮ್ಮೆಯೂ ಇಲ್ಲ ಎಂದವರಲ್ಲ. ಮಳೆ ನಿಲ್ಲಲಿ ಎನ್ನುತ್ತಿದ್ದರು, ಮೇಸ್ತ್ರಿ ಸಿಗಲಿ ಎನ್ನುತ್ತಿದ್ದರು, ಶುಂಠಿ ಬೆಳೆದವರ ಕೈಗೆ ದುಡ್ಡು ಬಂದು ಅಂಗಡಿಯ ವ್ಯಾಪಾರ ಏಳಲಿ ಎನ್ನುತ್ತಿದ್ದರು.

ನನ್ನ ಅಕ್ಕ ಸುಧಾ ಒಂಬತ್ತನೇ ಕ್ಲಾಸಿನಲ್ಲಿದ್ದಳು. ದೀಪಾವಳಿ ಮುಗಿದ ವಾರ, ಒಂದು ಸಂಜೆ, ಸ್ಕೂಲಿನಿಂದ ಬಂದವಳು ಕಾಲು ತೊಳೆಯಲೆಂದು ನೀರು ಸೇದಲು ಹೋದಳು. ನಾನು ಒಳಗೆ ಕಾಪಿ ಬರೆಯುತ್ತಿದ್ದೆ. ರಾಟೆ ತಡೆಯಿಲ್ಲದೆ ಗಿರಗಿರನೆ ತಿರುಗಿದ್ದು ಕೇಳಿಸಿತು. ಕೊಡ ಕೈಜಾರಿತೇನೋ ಅಂದುಕೊಂಡು ನಾನು ಬರೆಯುತ್ತಲೇ ಇದ್ದೆ.

ಅದಾದ ಮೇಲೆ ಅಮ್ಮ ಆ ಬಾವಿಯ ನೀರು ಮುಟ್ಟಲಿಲ್ಲ. ಬೀದಿಯ ನಲ್ಲಿಯಿಂದ ಕೊಡ ಹೊತ್ತು ತರುತ್ತಿದ್ದಳು. ಹಿತ್ತಲ ಬಾಗಿಲು ಹಾಕಿಯೇ ಇರುತ್ತಿತ್ತು. ಅಪ್ಪ ಬೆಳಿಗ್ಗೆ ಬೇಗ ಅಂಗಡಿಗೆ ಹೋಗಿ ತಡವಾಗಿ ಬರುತ್ತಿದ್ದರು. ಮನೆಯಲ್ಲಿ ಮಾತು ಎಂದರೆ ಉಪ್ಪು ಬೇಕಾ, ಇನ್ನೊಂದು ಸೌಟು ಹಾಕಲಾ ಎನ್ನುವಷ್ಟೇ. ಮಾರ್ಚ್ ಹೊತ್ತಿಗೆ ಅಪ್ಪ ತೀರ್ಮಾನ ಮಾಡಿದರು. ಅರಕಲಗೂಡಿನಲ್ಲಿ ದೊಡ್ಡಪ್ಪ ಒಂದು ಅಂಗಡಿ ಮಳಿಗೆ ನೋಡಿಟ್ಟಿದ್ದರು. ಜೂನಿನಲ್ಲಿ ನನ್ನ ಸ್ಕೂಲು ಶುರುವಾಗುವ ಮೊದಲು ಇಲ್ಲಿಂದ ಹೊರಡುವುದು, ಅಷ್ಟರೊಳಗೆ ಮನೆ ಮಾರುವುದು. ಅಮ್ಮ ಬೇಡ ಎನ್ನಲಿಲ್ಲ. ಆಯಿತು ಎಂದೂ ಹೇಳಲಿಲ್ಲ.

ಮನೆ ನೋಡಲು ಬ್ರೋಕರ್ ಶಿವಣ್ಣ ಬಂದ. ಬಿಳಿ ಅಂಗಿಯ ಜೇಬಿನಲ್ಲಿ ಮೊಬೈಲಿತ್ತು. ಅದು ಬಡಿದುಕೊಂಡಾಗಲೆಲ್ಲ ಆ ಕಡೆಯವರ ಭಾಷೆ ನೋಡಿ ಮಲಯಾಳದಲ್ಲೋ, ಕೊಡವ ಭಾಷೆಯಲ್ಲೋ ಮಾತಾಡಿ ಮತ್ತೆ ನಮ್ಮ ಕಡೆ ತಿರುಗುತ್ತಿದ್ದ. ಕೋಣೆ ಕೋಣೆಗೂ ಹೋದ, ಗೋಡೆಗಳನ್ನು ಬೆರಳಿನಿಂದ ಬಡಿದು ನೋಡಿದ. ಹಿತ್ತಲ ಬಾಗಿಲು ತೆಗೆಸಿ ಕುಸಿದ ಕಟ್ಟೆಯ ಹತ್ತಿರ ಹೋಗಿ ಬಾವಿಯೊಳಗೆ ಇಣುಕಿದ. ಆಮೇಲೆ ನಡುಮನೆಯಲ್ಲಿ ಕುಳಿತು ಹೇಳಿದ.

"ನೋಡಿ ಅಣ್ಣ, ಬೇಗನೂ ಹೋಗ್ಬೇಕು, ರೇಟೂ ಬರ್ಬೇಕು ಅಂದ್ರೆ ಮನೆ ಬಾಯಿ ಬಿಡಬಾರ್ದು. ಬಂದವರಿಗೆ ಇಲ್ಲಿ ಏನೂ ಆಗಿಲ್ಲ ಅನ್ನಿಸ್ಬೇಕು."

ಅವನ ಕಣ್ಣು ಗೋಡೆಯ ಮೇಲಿತ್ತು. ಅಲ್ಲಿ ಅಕ್ಕನ ಫೋಟೋಗೆ ಗಂಧದ ಹಾರ ಹಾಕಿತ್ತು. ಅಪ್ಪ ತಲೆ ಬಗ್ಗಿಸಿದರು.

ಮಾರನೆಯ ದಿನದಿಂದ ಕೆಲಸ ಶುರುವಾಯಿತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಮುಚ್ಚಿಡುವುದಿಲ್ಲ. ನನಗೆ ಆ ಕೆಲಸ ಖುಷಿಯಾಗಿತ್ತು. ಎಷ್ಟೋ ತಿಂಗಳ ಮೇಲೆ ಅಪ್ಪ ಹಗಲು ಹೊತ್ತು ಮನೆಯಲ್ಲಿದ್ದರು, ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಪಮ್ಮಿ, ಬ್ರಷ್ಷು ತಾ. ಪಮ್ಮಿ, ಆ ಡಬ್ಬ ಹಿಡಿ. ಗೇಟಿಗೆ ಹಸಿರು ಬಣ್ಣ, ಗೋಡೆಗೆ ಕೆನೆಬಣ್ಣದ ಡಿಸ್ಟೆಂಪರ್. ಟರ್ಪೆಂಟೈನಿನ ವಾಸನೆ ಮೂಗಿಗೆ ಹತ್ತಿ, ಅನ್ನ ತಿಂದರೂ ಅದೇ ರುಚಿ. ಮಧ್ಯಾಹ್ನ ಇಬ್ಬರೂ ಬಣ್ಣ ಮೆತ್ತಿದ ಕೈಯಲ್ಲೇ ಕಲ್ಲಂಗಡಿ ತಿಂದೆವು. ಬೀಜ ಎಷ್ಟು ದೂರ ಉಗುಳಬಹುದು ಎಂದು ಪಂದ್ಯ ಕಟ್ಟಿದೆವು. ಅಪ್ಪ ಒಂದು ಸಲ ನಕ್ಕರು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು. ಅಪ್ಪನೂ ಆಮೇಲೆ ನಗಲಿಲ್ಲ.

ಕೋಣೆಯ ಬಾಗಿಲ ಹಿಂದೆ ಗೋಡೆಯ ಮೇಲೆ ಅಕ್ಕ ಪೆನ್ಸಿಲಿನಲ್ಲಿ ಲೆಕ್ಕದ ಸೂತ್ರಗಳನ್ನು ಬರೆದಿದ್ದಳು. ರಾತ್ರಿ ಮಲಗುವ ಮೊದಲು ಅದರ ಮುಂದೆ ನಿಂತು ಬಾಯಿಪಾಠ ಮಾಡುತ್ತಿದ್ದಳು. ಅದರ ಮೇಲೆ ಡಿಸ್ಟೆಂಪರ್ ಕೂರುತ್ತಿರಲಿಲ್ಲ, ಎರಡು ಕೈ ಹೊಡೆದರೂ ಬೂದುಬಣ್ಣಕ್ಕೆ ಎದ್ದು ಕಾಣುತ್ತಿತ್ತು. ಅಪ್ಪ ಅಂಗಡಿಯಿಂದ ಉಪ್ಪುಕಾಗದ ತಂದು ನನ್ನ ಕೈಗೆ ಕೊಟ್ಟರು. ತಾವು ಉಜ್ಜಲಿಲ್ಲ. ಅಕ್ಕ ಎಟಕುವಷ್ಟು ಎತ್ತರಕ್ಕೆ ಬರೆದಿದ್ದಳು, ನಾನು ಸ್ಟೂಲು ಹಾಕಿಕೊಂಡು ಉಜ್ಜಿದೆ. ಒಂದು ಗಂಟೆಯಾದರೂ ಹಿಡಿದಿರಬೇಕು. ಸುಣ್ಣದ ಪುಡಿ ಕಣ್ಣಿಗೆ ಬಿದ್ದು ನೀರು ಬಂತು. ಅಮ್ಮ ಬಂದು ನೋಡಿ, ನಾನು ಅಳುತ್ತಿದ್ದೇನೆಂದು ತಿಳಿದು, ಸೆರಗಿನಿಂದ ಮುಖ ಒರೆಸಿದಳು. ಅಳುತ್ತಿಲ್ಲ ಎಂದು ನಾನು ಹೇಳಲಿಲ್ಲ.

ಅಕ್ಕನ ಬಟ್ಟೆ, ಪುಸ್ತಕ, ಚಪ್ಪಲಿ ಎಲ್ಲ ಎರಡು ಗೋಣಿಚೀಲಗಳಲ್ಲಿ ಶಿರಂಗಾಲದ ಅತ್ತೆಯ ಮನೆಗೆ ಹೋದವು. ಅವಳ ಮಂಚ ಬಿಚ್ಚಿ ಅಟ್ಟಕ್ಕೆ ಏರಿಸಿದರು. ಫೋಟೋವನ್ನು ಅಮ್ಮನೇ ತೆಗೆದು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಳು. ಆ ಮೊಳೆಗೆ ಅಪ್ಪ ಅಂಗಡಿಯ ಕ್ಯಾಲೆಂಡರ್ ತೂಗುಹಾಕಿದರು.

ಕೊನೆಗೆ ಬಾವಿಯ ಸರದಿ. ಮೇಸ್ತ್ರಿ ಬೆಳಿಗ್ಗೆ ಎಂಟಕ್ಕೆ ಬಂದ. ಅಪ್ಪನ ಅಂಗಡಿಯಿಂದ ಎರಡು ಮೂಟೆ ಸಿಮೆಂಟು ಬಂತು. ಜಾರಿಬಿದ್ದಿದ್ದ ಕಲ್ಲುಗಳು ಅಲ್ಲೇ ಹುಲ್ಲಿನಲ್ಲಿದ್ದವು, ಅವನ್ನೇ ಎತ್ತಿ ಜೋಡಿಸಿ ಗಾರೆ ತುಂಬಿದ. ಸುತ್ತಲೂ ಎದೆಯೆತ್ತರಕ್ಕೆ ಕಟ್ಟೆ ಎದ್ದಿತು. ನುಣ್ಣಗೆ ಸವರಿ, ಹಸಿ ಇರುವಾಗಲೇ ಮೇಲೆ ಕೆಂಪು ಪುಡಿ ಉಜ್ಜಿ, ಮೇಸ್ತ್ರಿ ಕೈತೊಳೆದುಕೊಂಡ. ಅಮ್ಮ ಐದು ತಿಂಗಳ ಮೇಲೆ ಮೊದಲ ಸಲ ಹಿತ್ತಲಿಗೆ ಬಂದಳು. ಹಸಿ ಸಿಮೆಂಟಿನ ಮೇಲೆ ಅಂಗೈ ಊರಿದಳು.

"ಎಂಟಕ್ಕೆ ಶುರು ಮಾಡಿದ್ದು," ಅಂದಳು. "ಊಟಕ್ಕೆ ಮುಂಚೆ ಮುಗೀತು."

ಅಪ್ಪ ಬಗ್ಗಿ ಖಾಲಿ ಸಿಮೆಂಟು ಮೂಟೆಗಳನ್ನು ಮಡಚತೊಡಗಿದರು. ಮೇಸ್ತ್ರಿಗೆ ಅರ್ಥವಾಗದೆ, ಹೌದಮ್ಮ, ಸಣ್ಣ ಕೆಲಸ ಅಲ್ವಾ ಎಂದ. ಅಮ್ಮ ಒಳಗೆ ಹೋಗಿ ಅವನಿಗೆ ಊಟ ಬಡಿಸಿದಳು. ಅವಳ ಕೈಯ ಗುರುತು ಸಿಮೆಂಟಿನಲ್ಲಿ ಉಳಿದಿತ್ತು. ಮೇಸ್ತ್ರಿ ಉಂಡು ಬಂದವನೇ ಅದನ್ನು ಕರಣೆಯಿಂದ ಸವರಿ ಸರಿಮಾಡಿದ.

ಅಂದು ಸಂಜೆ ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡರು. "ಬಂದವರು ಕೇಳಿದ್ರೆ ನೀನೊಬ್ಬಳೇ ಅನ್ನು. ಮನೆ ಕೈಬಿಡೋವರೆಗೆ ಅಷ್ಟೇ ಪಮ್ಮಿ. ಆಮೇಲೆ ಎಲ್ಲ ಮೊದಲಿನ ಹಾಗೆ." ನಾನು ಹೂಂ ಎಂದೆ. ಅಮ್ಮನಿಗೆ ಅಪ್ಪ ಯಾವಾಗ ಹೇಳಿದರೋ, ಹೇಗೆ ಹೇಳಿದರೋ ಗೊತ್ತಿಲ್ಲ.

ಮನೆ ನೋಡಲು ಮೂರು ನಾಲ್ಕು ಕಡೆಯವರು ಬಂದುಹೋದರು. ಒಬ್ಬರಿಗೆ ದಿಕ್ಕು ಸರಿಬರಲಿಲ್ಲ, ಇನ್ನೊಬ್ಬರಿಗೆ ಕಾರು ನಿಲ್ಲಿಸಲು ಜಾಗ ಸಾಲಲಿಲ್ಲ. ಮೇ ತಿಂಗಳಲ್ಲಿ ಶಿವಣ್ಣ ಹುದಿಕೇರಿ ಕಡೆಯ ಗಂಡಹೆಂಡಿರನ್ನು ಕರೆತಂದ. ಗಂಡ ಕಾಫಿ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವ ಕೆಲಸ. ಮೂವತ್ತು ವರ್ಷ ಎಸ್ಟೇಟಿನ ಕ್ವಾರ್ಟರ್ಸಿನಲ್ಲೇ ಬದುಕಿದವರಿಗೆ ಇದೇ ಮೊದಲ ಸ್ವಂತ ಮನೆ. ಅಲ್ಲಿಯ ಮಳೆ ಸಾಕಾಯಿತು, ಬಟ್ಟೆ ಒಣಗುವ ಊರಿನಲ್ಲಿ ಇರಬೇಕು ಎಂದು ಆಕೆ ಹೇಳುತ್ತಿದ್ದರು. ಮನೆಯಲ್ಲಿ ಅರೆಭಾಷೆ ಆಡುವವರು, ನಮ್ಮೊಂದಿಗೆ ನಿಧಾನವಾಗಿ ಕನ್ನಡದಲ್ಲಿ ಮಾತಾಡಿದರು. ಬರುವಾಗ ನಮಗೆಂದು ಎಸ್ಟೇಟಿನ ಕಾಫಿಪುಡಿ, ಒಂದು ಪೊಟ್ಟಣ ಕರಿಮೆಣಸು ತಂದಿದ್ದರು. ಮನೆ ನೋಡಲು ಬಂದವರು ಏನಾದರೂ ತಂದದ್ದು ಅದೊಂದೇ ಸಲ.

ಗಂಡಸರು ಹಿತ್ತಲಲ್ಲಿ ಬಾವಿ ನೋಡುತ್ತಿದ್ದರು. ಅಮ್ಮ ಕಾಫಿ ಕೊಟ್ಟಳು. ರೈಟರಮ್ಮ ಲೋಟ ಹಿಡಿದು, ನನ್ನ ತಲೆ ಸವರಿ, ಅಮ್ಮನ ಮುಖ ನೋಡಿ ಕೇಳಿದರು.

"ಮಕ್ಕಳು ಎಷ್ಟು ನಿಮಗೆ?"

ನಾನು ಉತ್ತರ ಕೊಡಲು ತಯಾರಾಗಿದ್ದೆ. ಅಪ್ಪ ನನಗೆ ಕಲಿಸಿದ್ದರು. ಆದರೆ ಅಮ್ಮ ನನಗಿಂತ ಮೊದಲು ಬಾಯಿ ತೆರೆದಳು.

"ಒಬ್ಬಳೇ," ಅಂದಳು.

ರೈಟರಮ್ಮ ಸ್ವಲ್ಪ ಹೊತ್ತು ಅಮ್ಮನನ್ನೇ ನೋಡಿದರು. ಅಮ್ಮ ಕ್ಯಾಲೆಂಡರ್ ಕಡೆ ನೋಡುತ್ತಿದ್ದಳು. ಆಮೇಲೆ ಕಾಫಿ ಚೆನ್ನಾಗಿದೆ ಎಂದು ಹೇಳಿ ಆಕೆ ಎದ್ದರು.

ಒಂದೇ ವಾರದಲ್ಲಿ ಮಾತು ಮುಗಿಯಿತು. ರೇಟು ಅಪ್ಪ ಅಂದುಕೊಂಡಷ್ಟು ಬರಲಿಲ್ಲ. ರೈಟರ್ ಒಂದು ಮಾತಿಗೆ ಗಟ್ಟಿಯಾಗಿ ನಿಂತರು, ಶಿವಣ್ಣನೂ ಈಗ ಬಿಟ್ಟರೆ ಮಳೆಗಾಲ ಕಳೆಯುವವರೆಗೆ ಯಾರೂ ಬರಲ್ಲ ಎಂದು ಅಪ್ಪನನ್ನು ಒಪ್ಪಿಸಿದ. ಮೇ ಕೊನೆಯಲ್ಲಿ ಲಾರಿಗೆ ಸಾಮಾನು ಹೇರಿ ಹೊರಟೆವು.

ಅರಕಲಗೂಡಿನಲ್ಲಿ ಎಲ್ಲ ಮೊದಲಿನ ಹಾಗೆ ಆಗಲಿಲ್ಲ. ಟ್ರಂಕು ಮಂಚದ ಕೆಳಗೆ ಸೇರಿತು. ಫೋಟೋ ಹೊರಗೆ ಬರುತ್ತದೆಂದು ನಾನು ಕೆಲವು ದಿನ ಕಾದೆ. ಹೊಸ ಬೀದಿಯ ಹೆಂಗಸರು ಬಂದು ಮಕ್ಕಳೆಷ್ಟು ಎಂದು ಕೇಳಿದಾಗ ಅಮ್ಮ ಒಬ್ಬಳೇ ಎಂದಳು. ಈಗ ಮುಚ್ಚಿಡಬೇಕಾದ ಕಾರಣವಿರಲಿಲ್ಲ, ಆದರೂ ಒಮ್ಮೆ ಹೇಳಿದ ಮೇಲೆ ಬೇರೆ ಹೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲವೋ ಏನೋ. ನಾನೂ ಸ್ಕೂಲಿನಲ್ಲಿ ಅದನ್ನೇ ಹೇಳಿದೆ. ಹೈಸ್ಕೂಲು, ಕಾಲೇಜು, ಆಮೇಲೆ ನನ್ನ ಗಂಡನ ಮನೆಯವರು ನೋಡಲು ಬಂದಾಗ, ಎಲ್ಲ ಕಡೆಯೂ ನಾನು ಒಬ್ಬಳೇ ಮಗಳು. ಮದುವೆಯಾಗಿ ವರ್ಷವಾದ ಮೇಲೆ ಗಂಡನಿಗೆ ಹೇಳಿದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಮನೆ ಮಾರಬೇಕಿತ್ತು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅಪ್ಪ ಅಕ್ಕನ ಹೆಸರು ಮತ್ತೆ ಎತ್ತದೆಯೇ ತೀರಿಹೋದರು.

ಎರಡು ವರ್ಷದ ಹಿಂದೆ ಗೆಳತಿಯ ಮಗಳ ನಾಮಕರಣಕ್ಕೆ ಕುಶಾಲನಗರಕ್ಕೆ ಹೋಗಿದ್ದೆ. ಬೇಡ ಅಂದುಕೊಂಡೇ ನಮ್ಮ ಬೀದಿಗೆ ತಿರುಗಿದೆ. ಮನೆಗೆ ಮಹಡಿ ಬಂದಿತ್ತು. ರೈಟರ್ ಇಲ್ಲವಾಗಿದ್ದರು. ರೈಟರಮ್ಮ ಜಗಲಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ಹೆಸರು ಹೇಳಿದ ಕೂಡಲೇ ಗುರುತು ಹಿಡಿದು ಒಳಗೆ ಕರೆದರು. ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ನಾನು ಯಾಕೋ ತಡೆಯಲಾರದೆ, ನಿಮಗೆ ಆವತ್ತು ಒಂದು ಸುಳ್ಳು ಹೇಳಿದ್ದೆವು ಎಂದು ಶುರುಮಾಡಿದೆ. ಆಕೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ನಮಗೆ ಮೊದಲೇ ಗೊತ್ತಿತ್ತು ಮಗ. ಆ ಬ್ರೋಕರೇ ಹೇಳಿದ್ದ. ಇದನ್ನ ಹಿಡಿದುಕೊಂಡು ರೇಟು ಇಳಿಸಿ ಕೇಳಿ, ಅವರು ಕೊಟ್ಟುಬಿಡ್ತಾರೆ ಅಂತ. ಅವನಿಗೆ ವ್ಯಾಪಾರ ಬೇಗ ಮುಗೀಬೇಕಿತ್ತು."

ಆಕೆ ನನ್ನ ಕೈ ಬಿಡದೆ ಮುಂದುವರಿಸಿದರು.

"ಅದಕ್ಕೇ ನಿನ್ನ ಅಮ್ಮನ ಹತ್ರ ಮಕ್ಕಳೆಷ್ಟು ಅಂತ ಕೇಳಿದ್ದು. ಇಬ್ಬರು ಅಂತಾರೆ, ಒಂದು ಮಾತಾಡುವ, ಕಷ್ಟ ಕೇಳುವ ಅಂತ ಇತ್ತು ನನಗೆ. ಅವರು ಒಬ್ಬಳೇ ಅಂದುಬಿಟ್ರು. ಆಮೇಲೆ ನಾನು ಎಂತ ಹೇಳುದು?"

ಅಮ್ಮ ಈಗ ನನ್ನ ಜೊತೆಗಿದ್ದಾಳೆ. ಈ ವಿಷಯ ಅವಳಿಗೆ ಹೇಳಿಲ್ಲ. ತನ್ನ ಮಗಳನ್ನು ಇಲ್ಲ ಎಂದದ್ದು ಯಾರ ಮುಂದೆಯೋ ಅವರಿಗೆ ಎಲ್ಲ ಗೊತ್ತಿತ್ತು, ಅದರಿಂದ ಮನೆಗೆ ಒಂದು ಪೈಸೆಯೂ ಹೆಚ್ಚು ಬರಲಿಲ್ಲ ಎಂದು ಈ ವಯಸ್ಸಿನಲ್ಲಿ ಅವಳಿಗೆ ಹೇಗೆ ಹೇಳಲಿ?

ಸತ್ತವರ ಮಾತು ಮನೆಯಲ್ಲಿ ಆಗಾಗ ಬರುತ್ತಿದ್ದರೆ ಅವರು ಒಂದಷ್ಟು ಉಳಿಯುತ್ತಾರೆ. ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ಹಾಗಲ್ಲ ಹೀಗೆ ಎಂದು ತಿದ್ದುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ, ಯಾರೂ ತಿದ್ದಲಿಲ್ಲ. ಅಕ್ಕನ ಜೊತೆ ಒಂಬತ್ತು ವರ್ಷ ಒಂದೇ ಚಾಪೆಯಲ್ಲಿ ಆಡಿದ್ದೇನೆ, ಜಗಳವಾಡಿದ್ದೇನೆ. ಆದರೆ ಅವಳ ದನಿ ಹೇಗಿತ್ತೆಂದು ಈಗ ಎಷ್ಟು ಯೋಚಿಸಿದರೂ ಕಿವಿಗೆ ಬರುವುದಿಲ್ಲ. ಅವಳು ಹುಟ್ಟಿದ ತಾರೀಕು ನನಗೆ ಗೊತ್ತಿಲ್ಲ. ಅವಳು ಎಡಗೈಯಲ್ಲಿ ಬರೆಯುತ್ತಿದ್ದಳು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ನಿಜವೋ ನನ್ನ ಕಲ್ಪನೆಯೋ ತಿಳಿಯದು. ತಿಳಿದಿರುವವಳು ಅಮ್ಮ ಒಬ್ಬಳೇ. ಪಕ್ಕದ ಕೋಣೆಯಲ್ಲೇ ಇದ್ದಾಳೆ. ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.