ಸಭೆಯ ರೊಟ್ಟಿ ಬೇಯಿಸಿದ ಆಯಿ

ಆಯಿಯ ಕಿವಿಯ ತೂತುಗಳು ಬೆರಳು ತೂರುವಷ್ಟು ದೊಡ್ಡವು. ಹಿಂದೆ ಎಂದೋ ಭಾರದ ಬೆಂಡೋಲೆ ಹಾಕುತ್ತಿದ್ದಳಂತೆ. ನಾನು ಕಂಡಾಗಿನಿಂದ ಬರಿಗಿವಿ. ಆ ಶನಿವಾರ ಮಧ್ಯಾಹ್ನ ಕಮಲಾಪುರದ ಅವಳ ಅಡುಗೆಮನೆಯಲ್ಲಿ ನಾಲ್ವರಿದ್ದೆವು. ಒಲೆಯ ಮುಂದೆ ನನ್ನ ಅವ್ವ, ಹಿಟ್ಟಿನ ಪರಾತದ ಮುಂದೆ ದೊಡ್ಡವ್ವ, ಇಬ್ಬರ ನಡುವೆ ಮಣೆಯ ಮೇಲೆ ಆಯಿ, ಬಾಗಿಲಿಗೆ ಒರಗಿಕೊಂಡು ಕಲಬುರಗಿಯಿಂದ ಬಸ್ಸಿನಲ್ಲಿ ಬಂದಿಳಿದಿದ್ದ ನಾನು. ಅವ್ವ, ದೊಡ್ಡವ್ವ ಒಂದೇ ಮನೆಗೆ ಸೊಸೆಯಾಗಿ ಬಂದ ನೆಗೆಣ್ಣಿಯರು. ಅವರ ನಡುವೆ ಮಾತು ನಿಂತು ವರ್ಷಗಳಾಗಿದ್ದವು.

ಆಯಿ ನಮಗೆ ರಕ್ತಸಂಬಂಧಿಯೇನಲ್ಲ. ಚರ್ಚಿನ ಹಿಂದಿನ ಓಣಿಯವಳು, ಚರ್ಚಿಗೆ ಕೂಡುವ ನಮ್ಮ ಸಭೆಗೆಲ್ಲ ಆಯಿ, ಅಜ್ಜಿ. ನನ್ನ ಬಾಯಲ್ಲಿ ಇರುವ ಮಾತಿನಲ್ಲಿ ಅರ್ಧ ಅವಳ ಪ್ರಾರ್ಥನೆ ಕೇಳಿ ಬಂದದ್ದು. ಮಹಾಗಾಂವದಿಂದ ಬಂದ ನೆಂಟನನ್ನು ಕೂರಿಸಿಕೊಂಡು ಮಾತಾಡುವ ಹಾಗೆ ದೇವರ ಹತ್ತಿರ ಮಾತಾಡುತ್ತಿದ್ದಳು. "ಸ್ವಾಮಿ, ಬಂದಿಯೇನು? ಕೂಡು. ಬೇಡೋದು ಭಾಳ ಅದ, ಮೊದಲ ಧನ್ಯವಾದ ಹೇಳಿ ಮುಗಸ್ತೀನಿ." ಆ ಧನ್ಯವಾದದಲ್ಲಿ ಯಾರದೋ ಮಗುವಿನ ಜ್ವರ ಇಳಿದದ್ದು, ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಎಲ್ಲ ಬರುತ್ತಿತ್ತು. ಬೇಡುವ ಹೊತ್ತಿಗೆ ಕೂತವರ ಮೊಣಕಾಲು ಜೋಮು ಹಿಡಿದಿರುತ್ತಿದ್ದವು.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಯೇಸುಸ್ವಾಮಿಯ ನೆನಪಿಗೆ ಪಾಸ್ಟರು ರೊಟ್ಟಿ ಮುರಿಯುತ್ತಾರೆ. ಅದರ ಚೂರನ್ನು ಕರಿದ್ರಾಕ್ಷಿ ಕುದಿಸಿ ಸೋಸಿದ ರಸದೊಡನೆ ಎಲ್ಲರೂ ತೆಗೆದುಕೊಳ್ಳುತ್ತೇವೆ. ನಾನು ಹೋಗುವ ಕಲಬುರಗಿಯ ಚರ್ಚಿನಲ್ಲಿ ತೆಳ್ಳನೆಯ ಬಿಲ್ಲೆಗಳು ಪೊಟ್ಟಣದಲ್ಲಿ ಬರುತ್ತವೆ. ಕಮಲಾಪುರದಲ್ಲಿ ಉಪ್ಪು, ಹುಳಿ ಇಲ್ಲದ ಗೋಧಿ ರೊಟ್ಟಿ, ಅದೂ ಆಯಿಯ ಒಲೆಯ ಮೇಲೆಯೇ ಬೇಯಬೇಕು. ಅದಕ್ಕೊಂದು ಪದ್ಧತಿ ಮಾಡಿಟ್ಟಿದ್ದಳು. "ಹಿಟ್ಟ ಒಬ್ಬರ ಮನಿದು, ನಾದೋ ಕೈ ಇನ್ನೊಬ್ಬರದು. ಒಬ್ಬರೇ ಮಾಡಿದ್ರ ಅದು ಮನಿ ರೊಟ್ಟಿ, ಸಭಾದ್ದಲ್ಲ." ಆ ಇಬ್ಬರು ಯಾರೆಂದು ಗೊತ್ತುಮಾಡುವವಳೂ ಅವಳೇ. ಚರ್ಚಿನಲ್ಲಿ ಯಾರು ಯಾರು ಮಾತು ಬಿಟ್ಟು ಜಮಖಾನದ ಎರಡು ತುದಿ ಹಿಡಿದು ಕೂತಿದ್ದಾರೆಂದು ನೋಡಿಟ್ಟುಕೊಂಡು ಅವರನ್ನೇ ಕರೆಯುತ್ತಿದ್ದಳು. ಬೇಕೆಂದೇ ಕರೆದೆಯಾ ಅಂತ ಕೇಳಿದರೆ ಒಪ್ಪುತ್ತಿರಲಿಲ್ಲ. "ನಿಂದು ಪಾಳಿ ಬಂತು, ಬಾ," ಅಷ್ಟೇ.

ಅವ್ವ, ದೊಡ್ಡವ್ವನ ಜಗಳ ಹುಟ್ಟಿದ್ದು ಪ್ರಾರ್ಥನೆಯಿಂದಲೇ. ನಮ್ಮವರು ಹೊಸ ಮನೆ ಕಟ್ಟಿದರೆ ಒಲೆ ಹೊತ್ತಿಸುವ ಮೊದಲು ಹಾಡು ಹೇಳಿ, ಮನೆತನದ ಹಿರಿಯರಿಂದ ಪ್ರಾರ್ಥನೆ ಮಾಡಿಸುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ನಿಂತು ಮನೆ ಕಟ್ಟಿಸಿದಳು. ಹಿರಿಯ ಅಂದರೆ ಅಪ್ಪನ ಅಣ್ಣ, ದೊಡ್ಡಪ್ಪ. ಅವರು ಕೋಟು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ನೆಂಟರ ಗದ್ದಲದಲ್ಲಿ ಅವ್ವ, ಕಲಬುರಗಿಯಿಂದ ಬಂದಿದ್ದ ಅತಿಥಿ ಪಾಸ್ಟರಿಗೆ "ನೀವೇ ಮಾಡ್ರಿ" ಅಂದುಬಿಟ್ಟಳು. ಅವರು ಉದ್ದಕ್ಕೆ ಮಾಡಿದರು. ಆಮೆನ್ ಆಗಿದ್ದೇ ಜನ ಊಟಕ್ಕೆ ಎದ್ದರು. ದೊಡ್ಡಪ್ಪ ಕೋಟು ಬಿಚ್ಚಿಟ್ಟು ಸಾರು ಬಡಿಸಲು ನಿಂತರು. ಅದೇ ಮಳೆಗಾಲದಲ್ಲಿ ಅವರು ಹೋದರು. ಮಣ್ಣು ಮಾಡಿ ಬಂದ ದಿನ ದೊಡ್ಡವ್ವ ಅವ್ವನ ಮುಖ ನೋಡಿ, "ಅವರ ಪ್ರಾರ್ಥನಿ ಅವರ ಎದಿಯಾಗೇ ಉಳೀತು," ಅಂದಳು. ಅದೇ ಕೊನೆಯ ಮಾತು.

ಮನಸ್ಸಿನಲ್ಲಿ ಜಗಳ ಇಟ್ಟುಕೊಂಡು ಕರ್ತನ ಮೇಜಿಗೆ ಕೈ ಚಾಚಬಾರದು ಎಂಬುದು ನಮ್ಮ ಸಭೆಯ ನಡವಳಿಕೆ. ಯಾರೂ ತಡೆಯುವುದಿಲ್ಲ, ಅವರವರೇ ತಿಳಿದು ನಡೆಯಬೇಕು. ಹಾಗಾಗಿ ತಟ್ಟೆ ಬಂದಾಗ ಅವ್ವ ತಲೆ ತಗ್ಗಿಸಿ ಪಕ್ಕದವರಿಗೆ ದಾಟಿಸುತ್ತಿದ್ದಳು. ಅತ್ತ ತುದಿಯಲ್ಲಿ ದೊಡ್ಡವ್ವನೂ ಅಷ್ಟೇ. ಬೀಪಿ ಏರಿ ಮಲಗಿದಾಗೊಮ್ಮೆ ಅವ್ವ ನನ್ನ ಕೈ ಹಿಡಿದು, "ಹಿಂಗೇ ಖಾಲಿ ಕೈಲೆ ಹೋಗ್ತೀನೇನೋ," ಅಂದಿದ್ದಳು.

ಆ ಶನಿವಾರ ಗೋಧಿ ಹಿಟ್ಟು ಅವ್ವ ಒಯ್ದದ್ದು. ನಾದುತ್ತಿದ್ದವಳು ದೊಡ್ಡವ್ವ.

"ಆಯಿ, ಹಿಟ್ಟ ಗಟ್ಟಿ ಆಗ್ಯದ. ಜರಾ ನೀರ ಹಾಕ್ಲಿ ಅಂತ ಹೇಳ್ರಿ ಅವರಿಗಿ," ಅಂದಳು ಅವ್ವ.

"ನನಗ ಕಿವಿ ಕೇಳಂಗಿಲ್ಲವ್ವಾ. ಆಕಿಗೇ ಹೇಳು," ಅಂದಳು ಆಯಿ. ಉಪದೇಶದ ನಡುವೆ ಹಿಂದಿನ ಸಾಲಿನಲ್ಲಿ ಯಾರು ಪಿಸುಗುಟ್ಟಿದರೂ ತಿರುಗಿ ನೋಡುತ್ತಿದ್ದವಳು.

ದೊಡ್ಡವ್ವ ಪರಾತದಿಂದ ಕಣ್ಣೆತ್ತದೆ, "ಗಟ್ಟಿ ಮನಸಿನವರ ಮನಿ ಹಿಟ್ಟು, ಹಂಗೇ ಇರ್ತದ," ಅಂದಳು.

"ಇದು ಕೇಳ್ತು ನೋಡು ನನಗ," ಅಂದಳು ಆಯಿ.

ನನಗೆ ನಗು ತಡೆಯಲಾಗಲಿಲ್ಲ. ಅವ್ವನ ಕಣ್ಣು ನೋಡಿ ಬಾಯಿ ಮುಚ್ಚಿದೆ.

ರೊಟ್ಟಿ ಹಂಚಿನ ಮೇಲೆ ಬಿತ್ತು. ಆಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ದೊಡ್ಡವ್ವನ ಕಡೆ ತಿರುಗಿದಳು.

"ರೊಟ್ಟಿ ಮ್ಯಾಲೆ ನೀ ಪ್ರಾರ್ಥನಿ ಮಾಡು."

"ನನಗ ಎಲ್ಲಿ ಬರ್ತದ ಆಯಿ."

"ನಿಮ್ಮ ಮನಿಯವರು ಅವತ್ತು ಮಾಡಬೇಕಂತ ಇದ್ರಲ್ಲ, ಅದು ಬರ್ತದಲ್ಲ?"

ದೊಡ್ಡವ್ವನ ಕೈ ಹಿಟ್ಟಿನಲ್ಲೇ ನಿಂತಿತು. ದೊಡ್ಡಪ್ಪ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿಕೊಂಡು ಅದನ್ನು ಬಾಯಿಪಾಠ ಮಾಡುವಾಗ ಅವಳು ಪಕ್ಕದಲ್ಲೇ ತೊಗರಿ ಹಸನು ಮಾಡುತ್ತಿದ್ದಳಂತೆ. ಕಣ್ಣು ಮುಚ್ಚಿ ಅವರ ಮಾತನ್ನೇ ಹೇಳಿದಳು.

"ಸ್ವಾಮಿ, ನನ್ನ ತಮ್ಮ ಇಲ್ಲ. ಅವನ ಹೇಣ್ತಿ ಒಬ್ಬಾಕಿನೇ ಈ ಮನಿ ಎತ್ಯಾಳ. ಆಕಿ ಕೈಗಿ ಬಲ ಕೊಟ್ಟಿದಿ, ಇನ್ನ ಎದಿಗಿ ತಂಪು ಕೊಡು. ಈ ಬಾಗಲಕ ಬಂದವರು ಹಸದು ಹೋಗಬಾರದು. ಆಕಿ ಕರೀಲಿ ಬಿಡಲಿ, ನಾ ಬರ್ತಿರ್ತೀನಿ. ಆಮೆನ್."

ಅವ್ವ ಹಂಚಿನ ಮೇಲಿನ ರೊಟ್ಟಿ ಮರೆತು ದೊಡ್ಡವ್ವನ ಕಡೆ ತಿರುಗಿದಳು. "ಯಕ್ಕಾ, ನಾ ಭಾವಗ ಕರೀಬೇಕಾಗಿತ್ತು. ಮಂದಿ ನೋಡಿ ಮರತೆ. ನಂದು ತಪ್ಪಾತು," ಅಂದಳು.

ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ರೊಟ್ಟಿ ಹೊತ್ತಾಕತ್ತದ. ಮೊದಲ ಅದನ್ನ ತೆಗಿ."

ಒಂದು ಬದಿ ಕಪ್ಪಾಗಿತ್ತು. ಬೇರೆ ಮಾಡೋಣ ಎಂದು ಅವ್ವ ಅಂದರೆ ಆಯಿ ಬಿಡಲಿಲ್ಲ. "ಇದೇ ಒಯ್ಯೋಣು. ಸ್ವಾಮಿ ಹೊತ್ತ ರೊಟ್ಟಿ ಕಂಡಿಲ್ಲೇನು?"

ಮರುದಿನ ಪಾಸ್ಟರು ಮುರಿದಾಗ ಬಿಳಿ ಬಟ್ಟೆಯ ಮೇಲೆ ಕರಿ ಪುಡಿ ಉದುರಿತು. ಅವರು ಆಯಿಯ ಕಡೆ ನೋಡಿದರು. ಆಯಿ ಫ್ಯಾನಿನ ಕಡೆ ನೋಡಿದಳು. ತಟ್ಟೆ ಬಂತು. ಅವ್ವ ತೆಗೆದುಕೊಂಡಳು, ಪಕ್ಕದಲ್ಲೇ ಕೂತಿದ್ದ ದೊಡ್ಡವ್ವನಿಗೆ ಹಿಡಿದಳು.

ಕ್ಷಮೆಯ ಮೇಲೆ ಕಲಬುರಗಿಯಲ್ಲಿ ಎಷ್ಟೋ ಒಳ್ಳೆಯ ಉಪದೇಶ ಕೇಳಿದ್ದೇನೆ. ಆದರೆ ಅವ್ವನಿಗೆ ನೆಮ್ಮದಿಯ ನಿದ್ದೆ ಹತ್ತಿದ್ದು ಆಯಿಯ ದೆಸೆಯಿಂದ. ಆ ಉಪಕಾರದ ಮಾತು ಎತ್ತಿದರೆ ಆಯಿಗೆ ಮತ್ತೆ ಕಿವಿ ಕೇಳಿಸುತ್ತಿರಲಿಲ್ಲ.

ಹೋದ ಚಳಿಗಾಲ ಆಯಿ ಕಲಬುರಗಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಬೆಳಗ್ಗೆ ಕಮಲಾಪುರಕ್ಕೆ ತಂದೆವು. ನೀರು ಕಾಸಿ ಹದ ಮಾಡಿ ಮೈ ತೊಳೆದವಳು ದೊಡ್ಡವ್ವ. ತಲೆ ಬಾಚಿ ಬಿಳಿ ಸೀರೆ ಉಡಿಸಿದವಳು ಅವ್ವ. ಆಮೇಲೆ ಇಬ್ಬರೂ ಸೇರಿ ಅವಳನ್ನು ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದರು.