ಟೂಂಗಾಬಿಯ ಬೆಲ್ಲದ ನೀರು

ಬೆಲ್ಲ ತಳ ಹಿಡಿಯಬಹುದು. ಸ್ಮೋಕ್ ಅಲಾರ್ಮ್ ಕೂಗಬಹುದು. ಪಕ್ಕದ ಮನೆಯವರು ಗಾಬರಿಯಾಗಿ ಫೈರ್ ಎಂಜಿನ್ ಕರೆಸಬಹುದು. ಶುಗರ್ ಇರುವವನಿಗೆ ಈ ಉಸಾಬರಿ ಯಾಕೆಂದು ಹೆಂಡತಿ ಕೇಳಬಹುದು. ನಿನ್ನೆ ಸಂಜೆ ಮೆಲ್ಬರ್ನ್‌ನ ವೆರಿಬೀಯ ನಮ್ಮ ಮನೆಯಲ್ಲಿ ಒಲೆಯ ಮುಂದೆ ನಿಂತು ಇಷ್ಟಕ್ಕೂ ಹೆದರಿದೆ. ಯಾವುದೂ ಆಗಲಿಲ್ಲ. ಬೆಲ್ಲ ಕರಗಿ ಘಮ್ಮೆಂದಿತು, ಅಷ್ಟೆ... ಆ ಘಮದ ಬೆನ್ನಿಗೇ ಟೂಂಗಾಬಿಯ ಆಂಟಿಯ ಅಡುಗೆಮನೆ ಕಣ್ಣಮುಂದೆ ಬಂತು.

ಎರಡು ಸಾವಿರದ ಐದೋ ಆರೋ ಇರಬೇಕು. ಕೆಲಸದ ಮೇಲೆ ಮೆಲ್ಬರ್ನ್‌ನಿಂದ ಸಿಡ್ನಿಗೆ ಹೋಗಿ, ಟೂಂಗಾಬಿಯಲ್ಲಿ ಗೆಳೆಯನೊಬ್ಬನ ಜೊತೆ ಕೋಣೆ ಹಂಚಿಕೊಂಡಿದ್ದೆ. ಮನೆಯೊಡತಿ ಕೊಲಂಬಿಯಾದವರು, ಒಂಟಿ ಹೆಂಗಸು. ನಮಗೆ ಕಂಡ ಕೂಡಲೇ ಆಂಟಿ ಆಗಿಬಿಟ್ಟರು. ಕೊಲಂಬಿಯಾವನ್ನು ನಾನು ಇಂದಿಗೂ ನೋಡಿಲ್ಲ. ನನ್ನ ಪ್ರವಾಸವೆಲ್ಲ ಅವರ ಒಲೆಯವರೆಗೆ. ಬೆಳಿಗ್ಗೆ ಮೆಕ್ಕೆಜೋಳದ ಅರೆಪಾ. ರೊಟ್ಟಿ ತಟ್ಟುವವರು ಅರ್ಧಕ್ಕೇ ಬೇಸತ್ತು ಎದ್ದುಹೋದಂತೆ ದಪ್ಪ. ಜೊತೆಗೆ ಅವರ ಕಡೆಯ ಬೆಲ್ಲ ಕುದಿಸಿದ ಬಿಸಿನೀರು, ಅದರೊಳಗೆ ಮುಳುಗಿದ ಚೀಸ್ ತುಂಡು. ಮೊದಲ ವಾರ ಚೀಸಿನ ಲೇಬಲ್ಲನ್ನು ಅನುಮಾನದಿಂದ ಓದಿದೆ. ಆಮೇಲೆ ಚಮಚ ಹಾಕಿ ತಳ ಕೆರೆದೆ.

ಆ ಚಳಿಗಾಲದಲ್ಲಿ ಅವರ ತಾಯಿ ಊರಿನಲ್ಲಿ ತೀರಿಕೊಂಡರು. ಇಲ್ಲೇ ಕಾಯಂ ನೆಲೆಸಲು ಹಾಕಿದ್ದ ಪಿಆರ್ ಅರ್ಜಿ ನಡುವಿನಲ್ಲಿತ್ತು; ದೇಶ ಬಿಟ್ಟರೆ ಮರಳಿ ಬರುವ ಖಾತ್ರಿಯಿರಲಿಲ್ಲ. ಆಂಟಿ ಹೋಗಲಿಲ್ಲ. ಹಾಲ್‌ನ ಮೂಲೆಯಲ್ಲಿ ಮೇಣದಬತ್ತಿ ಹಚ್ಚಿ, ಗಾಜಿನ ಲೋಟದಲ್ಲಿ ಬೆಲ್ಲದ ನೀರಿಟ್ಟರು. ಅವರ ಮನೆತನದಲ್ಲಿ ಹೋದ ಜೀವಕ್ಕೆ ಒಂಬತ್ತು ದಿನ ನೀರಿಡುತ್ತಾರಂತೆ. ಇವರಮ್ಮನಿಗೆ ಬರೀ ನೀರು ಸೇರುತ್ತಿರಲಿಲ್ಲವಂತೆ. ಸಂಜೆ ಹಿಂಬಾಗಿಲು ತೆರೆದು ತಾಯಿಯ ಹೆಸರು ಕೂಗಿದರು. ಪೂರ್ತಿ ಹೆಸರು, ತವರಿನದೂ ಸೇರಿಸಿ.

"ಅಷ್ಟುದ್ದ ಯಾಕೆ ಆಂಟಿ?" ಎಂದೆ.

ಅವರು ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ಕಿವಿಯಲ್ಲಿ ಹೀಗೆ ಉಳಿದಿದೆ: "ಬರೀ ಅಮ್ಮಾ ಅಂದ್ರೆ ದಾರೀಲಿರೋ ಅಮ್ಮಂದಿರೆಲ್ಲ ತಿರುಗ್ತಾರೆ ಮಗಾ. ಬಾಯಾರಿದೋರು ಯಾರಾದ್ರೂ ಬಂದು ಕುಡೀತಾರೆ. ಆಮೇಲೆ ಹೋಗಲ್ಲ."

ಬೆಳಿಗ್ಗೆ ಲೋಟದ ನೀರು ಎರಡು ಬೆರಳು ಇಳಿದಿತ್ತು. ಹೀಟರಿನ ಒಣಗಾಳಿ ಎಂದು ನನಗೆ ನಾನೇ ಹೇಳಿಕೊಂಡು, ಮರುದಿನ ಹೀಟರ್ ಆರಿಸಿದೆ. ಮತ್ತೆ ಇಳಿದಿತ್ತು. ಗಾಜಿನ ಅಂಚಿನಲ್ಲಿ ತುಟಿ ತಾಗಿದಂಥ ಮಸುಕು... ನಾನು ಹಿಂದೆ ಸರಿದರೆ, ಆಂಟಿಯ ಮುಖ ಅರಳಿತ್ತು. "ದಾರಿ ಸಿಕ್ಕಿದೆ ಅವಳಿಗೆ," ಎಂದು ಅರೆಪಾ ಸುಡಲು ಹೋದರು. ಒಂಬತ್ತನೆಯ ಸಂಜೆ ಅದೇ ಉದ್ದದ ಹೆಸರು ಹಿಡಿದು ಕರೆದು, ಅಮ್ಮನನ್ನು ಕಳುಹಿಸಿಕೊಟ್ಟರು. ಅಲ್ಲೇ ಉಳಿದ ಲೋಟದ ನೀರು ಮರುದಿನದಿಂದ ಇಳಿಯಲಿಲ್ಲ.

ಮೊನ್ನೆ ಸಿಡ್ನಿಯ ಬ್ಲ್ಯಾಕ್‌ಟೌನ್‌ನಿಂದ ಅದೇ ಗೆಳೆಯ ಫೋನ್ ಮಾಡಿದ.

"ಲೋ, ನಮ್ಮ ಆಂಟಿ ಹೋಗ್ಬಿಟ್ರಂತೆ ಕಣೋ. ಕಡೇಲಿ ಅವರ ಕಡೆಯೋರು ಅಂತ ಯಾರೂ ಇರ್ಲಿಲ್ವಂತೆ."

"ಅವರ ಹೆಸರೇನೋ?"

"ಆಂಟಿ... ಅಲ್ವೇನೋ?"

ನನ್ನ ಫೋನಿನಲ್ಲೂ 'ಟೂಂಗಾಬಿ ಆಂಟಿ' ಎಂದೇ ಇದೆ. ಅವರಿಗೆ ನೀರಿಡುವವರು ಬೇರೆ ಯಾರೂ ಇಲ್ಲವೆಂದೇ ನಿನ್ನೆ ಬೆಲ್ಲ ಕಾಯಿಸಿದ್ದು. ಲೋಟ ತುಂಬಿಸಿ, ಹಿಂಬಾಗಿಲು ತೆರೆದು, ಬೇರೆ ದಾರಿ ಕಾಣದೆ "ಆಂಟೀ" ಎಂದು ಕರೆದೆ.

ಬೆಳಿಗ್ಗೆ ನೋಡಿದರೆ ನೀರೆಲ್ಲ ಖಾಲಿಯಾಗಿ ಲೋಟದ ತಳ ಕಾಣುತ್ತಿತ್ತು. ನಮ್ಮ ಆಂಟಿಯೇ ಇರಬೇಕು... ಈ ಸಬರ್ಬ್‌ನಲ್ಲಿ ಹಾಗೆ ಕರೆದರೆ ತಿರುಗುವವರು ಬಹಳ. ಬಂದವರನ್ನು ಒಂಬತ್ತನೆಯ ದಿನ ಕರೆದು ಕಳುಹಿಸಿಕೊಡಬೇಕು. ಲೋಕದ ಚಿಂತೆಯನ್ನೆಲ್ಲ ಹೊತ್ತುಕೊಂಡ ನಾನು ಆಂಟಿಯನ್ನು ಕೇಳದೆ ಬಿಟ್ಟದ್ದು ಒಂದೇ, ಹೆಸರು.