ಅಗಸ್ಯಾಗ ಇಡಿಸಿಕೊಂಡ ಹಸರ ಬಳಿ

ನಮ್ಮ ಕಾಲದಾಗ ಒಕ್ಕಲತನದ ಮನಿ ಹೆಣ್ಣಮಕ್ಕಳ ಕೈಯಾಗ ಸ್ವಂತದ್ದು ಅಂತ ಇರ್ತಿದ್ದ ರೊಕ್ಕ ಅಂದ್ರ ಬೆಣ್ಣಿ ಮಾರಿದ್ದು ಅಷ್ಟ. ಹತ್ತಿ ರೊಕ್ಕ, ಜ್ವಾಳದ ರೊಕ್ಕ ಎಲ್ಲಾ ಗಂಡಸರ ಕಿಸೆಕ್ಕ. ಬೆಣ್ಣಿ ರೊಕ್ಕದಾಗ ನಾವು ಕೊಳ್ಳೋದು ಬಳಿ. ಆ ಒಂದು ಯಾಪಾರದಾಗ ಯಾವ ಗಂಡಸೂ ಬಾಯಿ ಹಾಕ್ತಿದ್ದಿಲ್ಲ. ಒಮ್ಮೆ ಹಾಕಿದ್ರು, ಅದನ್ನ ಹೇಳ್ತೇನಿ.

ನನ್ನ ತವರು ಯಲವಿಗಿ. ಅಲ್ಲಿಗೆ ಸವಣೂರಿಂದ ಸಾಬರ ಬಳಿಗಾರನೊಬ್ಬ ಬರ್ತಿದ್ದ. ಕಾಕಾ ಅಂತಿದ್ವಿ. ನಾ ಲಗ್ನಾಗಿ ಶಿಗ್ಗಾಂವಿ ಕಡೆ ಹಳ್ಳಿಗೆ ಬಂದ್ರ ಅಲ್ಲಿಗೂ ಅಂವನ ಬರ್ತಿದ್ದ. ಗೌಡ್ರ ಅಂಗಳದಾಗ ಹೆಂಗ ಕುಂಡ್ರತಿದ್ನೋ, ಊರ ಹೊರಗಿನ ಕೇರ್ಯಾಗೂ ಹಂಗ ಚಕ್ಕಳಮಕ್ಕಳ ಹಾಕಿ ಕುಂಡ್ರತಿದ್ದ. ಅಲ್ಲಿಯವರ ಕೈನೂ ಅಷ್ಟ ಹಗೂರ ಹಿಡೀತಿದ್ದ. ಎಲ್ಲಾರಿಗೂ ಒಂದ ದರ. ಇಡಿಸೋವಾಗ ಬಳಿ ಒಡದ್ರ ಆ ಲುಕ್ಸಾನ ತನ್ನದ ಅಂತಿದ್ದ. ಅದಕ್ಕ ನನ್ನ ಬೆಣ್ಣಿ ರೊಕ್ಕ ಅವನಿಗೇ ಹೋಗ್ಲಿ ಅಂತ ನನಗ ಭಾಳ ಆಸೆ ಇತ್ತು.

ಸ್ವರಾಜ್ಯ ಇನ್ನೇನು ಬರ್ತೈತಿ ಅನ್ನೋ ಹೊತ್ತಿಗೆ ದೂರದ ಊರುಗಳ ಹಿಂದೂ-ಸಾಬರ ಬಡದಾಟದ ಸುದ್ದಿ ಬಂದ್ವು. ನಮ್ಮೂರಾಗ ಜಗಳಿಲ್ಲ, ತಂಟಿಲ್ಲ. ಆದ್ರೂ ಹಿರ್ಯಾರು ಊರಬಾಗಲದ ಅಗಸಿಕಟ್ಟಿಮ್ಯಾಲ ಕುಂತು, ಸಾಬರ ಕಡೆ ಯಾರೂ ಏನೂ ಕೊಳ್ಳಬಾರದು ಅಂತ ಠರಾವ್ ಮಾಡಿದ್ರು. ಅದಕ್ಕ ತಾಳ ಹಾಕಿದಾಂವ ಊರಾಗ ಹೊಸದಾಗಿ ಬಳಿ ಅಂಗಡಿ ಇಟ್ಟಾಂವ. ಹಾನಗಲ್ಲಿಂದ ಮಾಲು ತಂದು, ಒಡದ ಬಳಿಗೂ ರೊಕ್ಕ ವಸೂಲ ಮಾಡೋ ಪುಣ್ಯಾತ್ಮ! ಅವನಿಗೆ ಧರ್ಮ ಯಾಕ ನೆನಪಾತು ಅನ್ನೂದು ಮಲಿ ಕುಡಿಯೋ ಕೂಸಿಗೂ ತಿಳೀತಿತ್ತು.

ಆಗ ನಾ ಚೊಚ್ಚಲ ಬಸರಿ. ಕುಬಸದ ದಿನ ಹಸರ ಸೀರಿ ಉಡಿಸಿ ಕುಂಡ್ರಿಸಿದ್ರು. ಹಸರ ಬಳಿ ಇಡಸಾಕ ನಮ್ಮತ್ತಿ ಆ ಅಂಗಡಿಯವನ್ನ ಕರಸಿದ್ರು. ತವರಿಂದ ಬಂದಿದ್ದ ಅವ್ವ ನನ್ನ ಕಿವ್ಯಾಗ, “ಕಾಕಾನೂ ನಮ್ಮ ಗಾಡ್ಯಾಗ ಬಂದಾನವ್ವಾ. ಅಗಸ್ಯಾಗ ಇಳಿಸಿಬಿಟ್ರು, ಊರೊಳಗ ಬಿಡವೊಲ್ರು” ಅಂದ್ಲು. ನನ್ನ ಮೈ ಉರದುಹೋತು.

ಅಂಗಡಿಯಾಂವ ಮುಂದ ಕುಂತು “ಕೈ ಕೊಡ್ರಿ” ಅಂದ. ನಾ ಮುಷ್ಟಿ ಬಿಗಿ ಹಿಡದೆ. ಬಿಗಿಮುಷ್ಟಿಗೆ ಬಳಿ ಏರಸೋದು ಬ್ರಹ್ಮನ ಕಡಿಂದ್ಲೂ ಆಗಂಗಿಲ್ಲ.

“ಕೈ ಸಡ್ಲ ಬಿಡಬೇ” ಅಂತ ಅತ್ತಿ ಗದರಿದ್ರು.

“ಇವನ ಕಡೆ ಇಡಿಸಿಕೊಳ್ಳಂಗಿಲ್ರಿ ಅತ್ತಿ.”

“ಠರಾವ್ ಮೀರಿದ್ರ ಬಾವಿ ನೀರು ಬಂದ್ ಮಾಡ್ತಾರ. ಹೊಟ್ಯಾಗ ಕೂಸೈತಿ, ಖಬರ ಐತಿಲ್ಲ?”

“ಆ ಕೂಸಿನ ಸಲುವಾಗಿನ ಹೇಳಾಕತ್ತೇನ್ರಿ” ಅಂದು ಎದ್ದು ಹೊಂಟಬಿಟ್ಟೆ. ಕುಬಸದಾಕಿ ಹಾಡಹಗಲ ನಡು ಓಣ್ಯಾಗ ಅಗಸಿಗೆ ಹೋಗೋದಂದ್ರ! ಹೆಣ್ಣಮಕ್ಕಳು “ಅಯ್ಯಯ್ಯ” ಅನಕೋತ ಹಿಂದ, ಅತ್ತಿ ಬೈಕೋತ ಅವರ ಹಿಂದ.

ಕಾಕಾ ಬೇವಿನ ಗಿಡದ ಬುಡಕ ಬಳಿ ಪೋಣಿಸಿದ ಮಲಾರ ತೊಡಿಮ್ಯಾಲ ಇಟಗೊಂಡು ಕುಂತಿದ್ದ. ಎದುರಿನ ಕಟ್ಟಿಮ್ಯಾಲ ಹಿರ್ಯಾರು. ನಾ ಹೋಗಿ ಅವನ ಮುಂದ ಕುಂತು ಕೈ ಚಾಚಿದೆ.

“ಬ್ಯಾಡ ನನ್ನವ್ವ. ನಿನ್ನ ಸಂಸಾರ ಕೆಡಿಸಿ ನನಗೇನು ಪುಣ್ಯ ಬರ್ತೈತಿ?”

“ಇವತ್ತ ನೀ ತಿರುಗಿ ಹೋದ್ರ ಮತ್ತೆಂದೂ ಈ ಊರಾಗ ಬಿಡಂಗಿಲ್ಲ. ಇಡು, ಕಾಕಾ.”

ಮೊದಲ ಬಳಿ ಗಿಣ್ಣಿನ ಹತ್ರ ಲಟ್ ಅಂತ ಒಡೀತು. ಕಟ್ಟಿಮ್ಯಾಲಿನ ದೊಡ್ಡ ಹಿರ್ಯಾ, “ನೋಡ್ರಿ, ಅಪಶಕುನ! ಹೊಟ್ಯಾಗಿನ ಕೂಸಿಗೆ ಏನು ಕಾದೈತೋ!” ಅಂದ. ಕಾಕಾ ಒಡದ ಚೂರು ಆರಿಸಿ ಮಲಾರ ಕಟ್ಟಾಕ ಹೊಂಟ. ಸುಳ್ಳ್ಯಾಕ ಹೇಳ್ಲಿ, ನನಗೂ ಅಂಜಿಕಿ ಆತು. ಆದ್ರ ಎದ್ದ್ರ ಸೋತಂಗ.

“ಬಸರಿ ಕೈ ಬಾತಾವು, ಕಾಕಾ. ದೊಡ್ಡ ಅಳತೀದು ತಗಿ” ಅಂದೆ.

ಒಂದೊಂದ ಏರಿಸಿದ. ಎರಡೂ ಕೈ ತುಂಬಿದ್ವು.

“ನಾಳಿಂದ ಈ ಮನಿಗೆ ನೀರಿಲ್ಲ” ಅಂತ ಆ ಹಿರ್ಯಾ ಎದ್ದ. ಅಷ್ಟರಾಗ ಅತ್ತಿ ಗುಂಪು ಸೀಳಿ ಮುಂದ ಬಂದ್ರು. ಕಪಾಳಕ್ಕ ಬೀಳ್ತೈತಿ ಅಂತ ನಾ ಕಣ್ಣ ಮುಚ್ಚಿದೆ. ತೆಗದು ನೋಡ್ತೇನಿ, ಅತ್ತಿ ನನ್ನ ಮಗ್ಗಲಾಗ ಕುಂತು ಕಾಕಾನ ಮುಂದ ತಮ್ಮ ಕೈ ಚಾಚ್ಯಾರ!

“ಹುಟ್ಟದ ಕೂಸಿಗೆ ಅಪಶಕುನ ಅಂತೀರೇನ್ರಿ?” ಅಂತ ಅವರು ಕಟ್ಟಿ ಕಡೆ ಹೊಳ್ಳಿ ಒದರಿದ್ರು. “ಇದು ನನ್ನ ಮನಿ ಕುಬಸ. ಬಂದ ಮುತ್ತೈದೇರ್ನ ಬಳಿ ಇಡಸದ ಕಳಸಾಕಿ ನಾ ಅಲ್ಲ. ಎಲ್ಲಾರಿಗೂ ಇವನ ಇಡಸ್ತಾನ. ಎಷ್ಟ ಮನಿಗೆ ನೀರು ಬಂದ್ ಮಾಡ್ತೀರಿ, ಮಾಡ್ರಿ. ನಿಮ್ಮ ಮನಿಗೆ ನೀರು ತರಾಕಿನೂ ಇಲ್ಲೇ ನಿಂತಾಳ, ನೋಡಕೊಳ್ರಿ.”

ಹಿರ್ಯಾ ಹೊಳ್ಳಿ ನೋಡಿದ. ಅವನ ಹೇಂತಿ ಆಗ್ಲೇ ಕೈಯಾಗಿನ ಹಳೀ ಬಳಿ ಮ್ಯಾಲಕ್ಕ ಸರಿಸಿ ಜಾಗಾ ಮಾಡಾಕತ್ತಿದ್ಲು.